1500 ಮೀಟರ್ ಈಜು ನೋಡಲು ಈ ಆಪ್ ಸಾಕಾ?

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಲೈವ್‌ಗೆ ಐದಕ್ಕೆ ಎರಡು, ರೀಪ್ಲೇಗೆ ಐದಕ್ಕೆ ನಾಲ್ಕು. ಆಪ್‌ನ ಹೆಸರು ಹಾಕುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಸ್ಪೋರ್ಟ್ಸ್ ಆಪ್‌ಗಳದ್ದೂ ಇದೇ ರೋಗ, ಒಂದನ್ನೇ ಹಿಡಿದು ಬಯ್ಯುವುದು ನ್ಯಾಯ ಅಲ್ಲ. ಕ್ರಿಕೆಟ್ ನೋಡಲು ಚಂದಾ ಕಟ್ಟುವವರು ಇಲ್ಲಿಂದಲೇ ವಾಪಸ್ ಹೋಗಬಹುದು, ನಿಮಗೆ ಉಪಯೋಗ ಆಗುವ ಮಾತು ಕೆಳಗೆ ಒಂದೂ ಇಲ್ಲ. ಇದು 2025ರ ಸಿಂಗಾಪುರ ವಿಶ್ವ ಈಜು ಚಾಂಪಿಯನ್‌ಶಿಪ್‌ಗೆ ಅಂತಲೇ ದುಡ್ಡು ಕಟ್ಟಿ, ಅದರಲ್ಲೂ ಹೆಂಗಸರ 800 ಮತ್ತು 1500 ಮೀಟರ್ ಫ್ರೀಸ್ಟೈಲ್ ಶುರುವಿನಿಂದ ಕೊನೆಯವರೆಗೆ ನೋಡಬೇಕು ಅಂತ ಹಠ ಹಿಡಿದು ಕೂತ ನಮ್ಮಂಥವರಿಗೆ.

ನಮ್ಮ ಮನೆಯಲ್ಲಿ ಈ ಹುಚ್ಚು ಹತ್ತಿಸಿದ್ದು ಅಣ್ಣನ ಮಗಳು. ಎಮ್ಮೆಕೆರೆಯಲ್ಲಿ 50 ಮೀಟರ್ ಕೊಳ ಆದ ಮೇಲೆ ಮಂಗಳೂರಿನ ಮಕ್ಕಳಿಗೆ ದೊಡ್ಡ ಕೊಳದ ಅಂದಾಜು ಸಿಕ್ಕಿದೆ. ಇವಳಿಗೂ ಸಿಕ್ಕಿತು. ಎಲ್ಲರೂ 50 ಮೀಟರ್, 100 ಮೀಟರ್ ಅಂತ ಓಡುವಾಗ ಇವಳು ಮಾತ್ರ 800 ಈಜುತ್ತೇನೆ ಅಂತಾಳೆ. ಎಂತಕ್ಕೆ ಅಂತ ಕೇಳಿದರೆ, ಅದರಲ್ಲಿ ಸ್ಪರ್ಧೆ ಕಮ್ಮಿ ಅಂತಾಳೆ. ಬುದ್ಧಿವಂತೆ.

ಒಂದು ವಿಷಯದಲ್ಲಿ ಸಿಂಗಾಪುರ ನಮಗೆ ಲಾಭ. ಅಲ್ಲಿ ಸಂಜೆ ಏಳಕ್ಕೆ ಫೈನಲ್ ಶುರುವಾದರೆ ಇಲ್ಲಿ ನಾಲ್ಕೂವರೆ. ಆಟಿ ತಿಂಗಳು, ಹೊರಗೆ ಜಡಿಮಳೆ, ಎಲ್ಲಿಗೂ ಹೋಗಲಿಕ್ಕಿಲ್ಲ, ಒಲೆ ಮೇಲೆ ಕಾಫಿ, ತಟ್ಟೆಯಲ್ಲಿ ಗೋಳಿಬಜೆ. ಒಲಿಂಪಿಕ್ಸ್ ಬಂದಾಗ ರಾತ್ರಿ ನಿದ್ದೆ ಬಿಟ್ಟು ನೋಡುವ ಪಾಡು ಇಲ್ಲಿರಲಿಲ್ಲ. ಆದರೆ ಆಪ್‌ನ ವೇಳಾಪಟ್ಟಿ ಪೂರ್ತಿ ಸಿಂಗಾಪುರ ಸಮಯದಲ್ಲೇ ಇತ್ತು. ಭಾರತದ ಸಮಯಕ್ಕೆ ಬದಲಿಸುವ ಬಟನ್ ಎಲ್ಲೂ ಕಾಣಲಿಲ್ಲ. ಎರಡೂವರೆ ಗಂಟೆ ಕಳೆದು ನೋಡುವುದು ದೊಡ್ಡ ಕಷ್ಟ ಅಲ್ಲ, ಆದರೂ ಭಾರತದಲ್ಲಿ ಹಣ ತೆಗೆದುಕೊಳ್ಳುವ ಆಪ್‌ಗೆ ಇಷ್ಟು ಬರಬೇಡವಾ?

ಬೆಳಗ್ಗಿನ ಹೀಟ್ಸ್, ಅಂದರೆ ಅರ್ಹತಾ ಸುತ್ತುಗಳ ಬಗ್ಗೆ ಒಂದೇ ಮಾತು. ತೋರಿಸಲಿಲ್ಲ. ಬೆಂಗಳೂರಿನ ಶ್ರೀಹರಿ ನಟರಾಜ್, ಕೇರಳದ ಸಾಜನ್ ಪ್ರಕಾಶ್ ಎಲ್ಲ ಇಳಿದದ್ದು ಬೆಳಗ್ಗಿನ ಹೊತ್ತಿನಲ್ಲಿ. ನಮ್ಮವರನ್ನು ನೋಡುವ ಭಾಗವನ್ನೇ ಬಿಟ್ಟು ಭಾರತಕ್ಕೆ ಪ್ರಸಾರ ಮಾಡುವುದು ಎಂಥ ಲೆಕ್ಕವೋ ನನಗೆ ತಿಳಿಯುವುದಿಲ್ಲ.

ಈಗ 1500ಕ್ಕೆ ಬರುತ್ತೇನೆ. ಫೈನಲ್ ಇದ್ದದ್ದು ಜುಲೈ 29ರಂದು. ಅವತ್ತು ನಾಗರಪಂಚಮಿ. ಬೆಳಗ್ಗೆ ನಾಗಬನಕ್ಕೆ ಹೋಗಿ ಹಾಲೆರೆದು, ತಂಬಿಲ ಮುಗಿಸಿ, ಮಧ್ಯಾಹ್ನ ಅರಿಶಿನ ಎಲೆಯ ಕಡುಬು ತಿಂದು ಮನೆಯವರೆಲ್ಲ ಅಲ್ಲಲ್ಲೇ ಒರಗಿದ್ದರು. ಸಂಜೆ ಟಿವಿ ಹಚ್ಚಿದರೆ ಎಲ್ಲರೂ ಬಂದು ಕೂತರು, ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ. ಅಮ್ಮ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಾ ಕೂತಿದ್ದರು. ಎಷ್ಟು ಸುತ್ತು ಅಂತ ಕೇಳಿದರು. 50 ಮೀಟರ್ ಕೊಳದಲ್ಲಿ 1500 ಅಂದರೆ 30 ಲೆಂತ್ ಅಂದೆವು. ಅವರು 30 ಬೀಜ ಎಣಿಸಿ ಮೊರದ ಒಂದು ಬದಿಗೆ ಇಟ್ಟರು. ಅಮೆರಿಕದ ಕೇಟಿ ಲೆಡೆಕಿ ಗೋಡೆ ಮುಟ್ಟಿ ತಿರುಗಿದಾಗಲೆಲ್ಲ ಒಂದು ಬೀಜ ಆ ಕಡೆಯಿಂದ ಈ ಕಡೆಗೆ. ಹದಿಮೂರು ಬೀಜ ಸರಿದಿತ್ತು. ಆಗ ಬಂತು ಜಾಹೀರಾತು.

ಓಟದ ನಡುವೆ ಮಾರಾಯ್ರೇ! ಒಂದು ಸಿಮೆಂಟ್, ಒಂದು ಸಾಲದ ಆಪ್, ಮತ್ತೆ ಅದೇ ಸಿಮೆಂಟ್. ವಾಪಸ್ ಬರುವಾಗ ಈಜುಗಾರ್ತಿಯರು ಎಲ್ಲೋ ಮುಂದೆ ಹೋಗಿದ್ದರು. ಅಮ್ಮ ಮೊರ ಹಿಡಿದುಕೊಂಡು ನನ್ನ ಮುಖ ನೋಡಿದರು. ಎಷ್ಟು ಬೀಜ ಸರಿಸಬೇಕು ಅಂತ ಯಾರಿಗೂ ಗೊತ್ತಿಲ್ಲ. 100 ಮೀಟರ್ ಈಜಿನ ನಡುವೆ ಜಾಹೀರಾತು ಹಾಕುವ ಧೈರ್ಯ ಇವರಿಗೆ ಉಂಟಾ? ಇಲ್ಲ. 1500 ಆದರೆ ನಡುವೆ ಏನೂ ಆಗುವುದಿಲ್ಲ, ಶುರು ಮತ್ತು ಕೊನೆ ತೋರಿಸಿದರೆ ಸಾಕು ಅನ್ನುವ ಧೋರಣೆ. ನನ್ನ ತಕರಾರು ಪೂರ್ತಿ ಇದರ ಮೇಲೆಯೇ.

ಯಾಕೆಂದರೆ ಉದ್ದದ ಈಜಿನಲ್ಲಿ ಆಗುವುದೆಲ್ಲ ನಡುವೆಯೇ. ಅವತ್ತು ಕೇಟಿ ಲೆಡೆಕಿ ಮುಗಿಸಿದ ಸಮಯ 15:26.44. ಅದನ್ನು 30ರಿಂದ ಭಾಗಿಸಿ ನೋಡಿ, ಪ್ರತಿ 50 ಮೀಟರ್‌ಗೆ 30.88 ಸೆಕೆಂಡ್ ಬರುತ್ತದೆ. ಮೊದಲ ಲೆಂತ್ ಡೈವ್‌ನಿಂದ ಶುರು, ಅದು ಬೇಗ ಆಗಿಯೇ ಆಗುತ್ತದೆ. ಕೊನೆಯದಕ್ಕೆ ಎಲ್ಲರೂ ಇದ್ದಬದ್ದ ಶಕ್ತಿ ಹಾಕುತ್ತಾರೆ. ನಡುವಿನ ಇಪ್ಪತ್ತೆಂಟರಲ್ಲಿ ಯಾರ ಸಮಯ 31ರ ಮೇಲೆ ಜಾರುತ್ತದೆ, ಯಾರದು ಜಾರುವುದಿಲ್ಲ ಅನ್ನುವುದರಲ್ಲೇ ಪದಕ ಇರುವುದು. ಒಂದೊಂದು ಲೆಂತ್‌ಗೆ ಅರ್ಧ ಸೆಕೆಂಡ್ ಬಿಟ್ಟುಕೊಟ್ಟರೂ ಕೊನೆಗೆ ಹದಿನಾಲ್ಕು ಸೆಕೆಂಡ್ ಆಯಿತು. ಕಣ್ಣಿಗೆ ಅದು ಕಾಣುವುದು ತೀರಾ ಸಣ್ಣದಾಗಿ: ಕಾಲಿನ ಒದೆತ ನಿಧಾನ ಆಗುತ್ತದೆ, ಟರ್ನ್ ಆದ ಮೇಲೆ ನೀರಿನೊಳಗೆ ಇರುವ ದೂರ ಕಮ್ಮಿ ಆಗುತ್ತದೆ, ಕೈ ನೀರಿಗೆ ಇಳಿಯುವ ಜಾಗ ಸ್ವಲ್ಪ ಅಗಲ ಆಗುತ್ತದೆ. ಲೆಡೆಕಿ ಬಲಗಡೆಗೇ ಉಸಿರು ತೆಗೆದುಕೊಳ್ಳುತ್ತಾಳೆ, ಒಂದು ಕೈ ಉದ್ದ, ಒಂದು ಕೈ ಗಿಡ್ಡ ಅನ್ನುವ ಹಾಗೆ ಸ್ವಲ್ಪ ಕುಂಟಿದಂತೆ ಕಾಣುವ ಲಯ ಅವಳದ್ದು. ಆ ಲಯ ನೂರು ಮೀಟರ್‌ನಲ್ಲಿ ಹೇಗಿತ್ತೋ ಸಾವಿರದ ನಾನೂರರಲ್ಲೂ ಹಾಗೇ ಇರುತ್ತದೆ. ಜಾಹೀರಾತು ಹಾಕಿದರೆ ನೀವು ಕಳೆದುಕೊಳ್ಳುವುದು ಇದನ್ನೇ.

ಎರಡನೆಯವಳಾಗಿ ಬಂದ ಇಟಲಿಯ ಸಿಮೋನಾ ಕ್ವಾಡರೆಲ್ಲಾ 15:31.79ಕ್ಕೆ ಮುಗಿಸಿ ಯುರೋಪಿಯನ್ ದಾಖಲೆ ಮಾಡಿದಳು. ಆಸ್ಟ್ರೇಲಿಯಾದ ಲಾನಿ ಪ್ಯಾಲಿಸ್ಟರ್ 15:41.18ಕ್ಕೆ ಮೂರನೆಯವಳು. ಕ್ವಾಡರೆಲ್ಲಾ ಬಗ್ಗೆ ಕಾಮೆಂಟರಿಯಲ್ಲಿ ಹೆಚ್ಚೇನೂ ಹೇಳಲಿಲ್ಲ. 2019ರಲ್ಲಿ ಗ್ವಾಂಗ್ಜುವಿನಲ್ಲಿ ಲೆಡೆಕಿ ಹುಷಾರಿಲ್ಲದೆ 1500ರಿಂದ ಹಿಂದೆ ಸರಿದಾಗ ಚಿನ್ನ ಗೆದ್ದವಳು ಇವಳೇ. ಅದೇ ಕೂಟದ 800ರಲ್ಲಿ ಲೆಡೆಕಿಯನ್ನು ಕೊನೆಯ ಲೆಂತ್‌ವರೆಗೆ ಬೆವರಿಳಿಸಿದವಳೂ ಇವಳೇ. ಆರು ವರ್ಷ ಆದ ಮೇಲೂ ಅದೇ ಜಾಗದಲ್ಲಿ, ಅದಕ್ಕಿಂತ ವೇಗವಾಗಿ. ನನಗೆ ಅವತ್ತಿನ ಅತಿ ಇಷ್ಟದ ಈಜು ಅದೇ. ಆದರೆ ಜಾಹೀರಾತಿನಿಂದ ವಾಪಸ್ ಬಂದ ಕ್ಯಾಮೆರಾ ಮೂರು ನಿಮಿಷ ಲೆಡೆಕಿಯನ್ನು ಬಿಟ್ಟು ಅಲ್ಲಾಡಲಿಲ್ಲ.

ಹೆಂಗಸರ ಉದ್ದದ ಈಜು ಅಂದರೆ ಈ ತಾತ್ಸಾರ ಇವತ್ತಿನದ್ದಲ್ಲ ಬಿಡಿ. ಗಂಡಸರಿಗೆ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ 1908ರಿಂದಲೇ ಉಂಟು. ಹೆಂಗಸರಿಗೆ 800 ಸಿಕ್ಕಿದ್ದು 1968ರಲ್ಲಿ. 1500 ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ! ಅಮೆರಿಕದ ಜಾನೆಟ್ ಇವಾನ್ಸ್ 1988ರಲ್ಲಿ 1500 ಮೀಟರನ್ನು 15:52.10ರಲ್ಲಿ ಈಜಿದ್ದಳು. ಆ ದಾಖಲೆ ಮುರಿಯಲು 2007ರ ತನಕ ಕಾಯಬೇಕಾಯಿತು. ಅಂಥವಳಿಗೆ ಒಲಿಂಪಿಕ್ಸ್‌ನಲ್ಲಿ ಈಜಲು ಆ ಸ್ಪರ್ಧೆಯೇ ಇರಲಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ನವರು 2001ರಲ್ಲಿ ಫುಕುವೊಕಾದಲ್ಲಿ ಸೇರಿಸಿಕೊಂಡರು, ಅಷ್ಟರಮಟ್ಟಿಗೆ ಅವರು ವಾಸಿ. ಈಗ ಸ್ಪರ್ಧೆ ಕೊಟ್ಟಿದ್ದಾರೆ, ನಡುವೆ ಸಿಮೆಂಟ್ ಮಾರುತ್ತಾರೆ.

ಇನ್ನು ಆಗಸ್ಟ್ 2ರ 800. ವರ್ಷದ ಓಟ ಅಂತ ಮೊದಲೇ ಎಲ್ಲರೂ ಹೇಳುತ್ತಿದ್ದ ಫೈನಲ್ ಅದು. ಮೇ ತಿಂಗಳಲ್ಲಿ ಲೆಡೆಕಿ ಫ್ಲಾರಿಡಾದಲ್ಲಿ 8:04.12ರ ವಿಶ್ವದಾಖಲೆ ಮಾಡಿದ್ದಳು, ಒಂಬತ್ತು ವರ್ಷ ಹಳೆಯ ತನ್ನದೇ ದಾಖಲೆ ಮುರಿದು. ಜೂನ್‌ನಲ್ಲಿ ಕೆನಡಾದ ಸಮ್ಮರ್ ಮ್ಯಾಕಿಂಟೋಶ್ 8:05.07 ಈಜಿ ಹತ್ತಿರವೇ ಬಂದು ನಿಂತಳು. 2012ರ ಆಗಸ್ಟ್ 3ರಂದು ಲಂಡನ್‌ನಲ್ಲಿ ಲೆಡೆಕಿ ಹದಿನೈದರ ಹುಡುಗಿಯಾಗಿ ಇದೇ 800ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ಮ್ಯಾಕಿಂಟೋಶ್‌ಗೆ ಆರು ವರ್ಷ ಕೂಡ ತುಂಬಿರಲಿಲ್ಲ. ಸಿಂಗಾಪುರದ ಮೊದಲ ದಿನವೇ 400 ಮೀಟರ್‌ನಲ್ಲಿ ಮ್ಯಾಕಿಂಟೋಶ್ 3:56.26ಕ್ಕೆ ಗೆದ್ದಿದ್ದಳು, ಚೀನಾದ ಲಿ ಬಿಂಗ್ಜಿಯೆ ಬೆಳ್ಳಿ, ಲೆಡೆಕಿಗೆ ಕಂಚು. ಹಾಗಾಗಿ 800ರಲ್ಲಿ ಏನಾಗುತ್ತದೆ ಅಂತ ಯಾರಿಗೂ ಧೈರ್ಯವಾಗಿ ಹೇಳಲಿಕ್ಕೆ ಆಗುತ್ತಿರಲಿಲ್ಲ.

ಅವತ್ತು ಜಾಹೀರಾತು ಬರಲಿಲ್ಲ, ಅದಕ್ಕೆ ಮೆಚ್ಚಬೇಕು. ಅಮ್ಮ ಈ ಸಲ 16 ಬೀಜ ಇಟ್ಟುಕೊಂಡಿದ್ದರು. ಶುರುವಿನಲ್ಲಿ ಲೆಡೆಕಿ ಮುಂದೆ. ಪಕ್ಕದಲ್ಲಿ ಮ್ಯಾಕಿಂಟೋಶ್ ನೆರಳಿನ ಹಾಗೆ. ಪ್ಯಾಲಿಸ್ಟರ್ ಇವರಿಬ್ಬರನ್ನೂ ಬಿಡುತ್ತಿಲ್ಲ. ಸಾಮಾನ್ಯವಾಗಿ ಲೆಡೆಕಿಯ 800 ಅಂದರೆ ಅರ್ಧ ಆಗುವಾಗ ಉಳಿದವರು ಪರದೆಯ ಹೊರಗೆ ಇರುತ್ತಾರೆ. ಇಲ್ಲಿ ಹತ್ತು ಬೀಜ ಸರಿದರೂ ಮೂವರು ಒಂದೇ ಚೌಕಟ್ಟಿನಲ್ಲಿ. ಎಲ್ಲರೂ ಗೋಳಿಬಜೆ ಮರೆತಿದ್ದರು. 700ರ ಹತ್ತಿರ ಬರುವಾಗ ಮ್ಯಾಕಿಂಟೋಶ್ ಕೂದಲೆಳೆಯಷ್ಟು ಮುಂದೆ ಬಂದಳು. ಅಣ್ಣನ ಮಗಳು ಸೋಫಾ ಮೇಲೆ ನಿಂತಳು.

ಅದೇ ಹೊತ್ತಿಗೆ ನನ್ನ ಮೊಬೈಲ್ ಟಿಣ್ ಅಂತು. ಇದೇ ಆಪ್‌ನ ನೋಟಿಫಿಕೇಶನ್: ಲೆಡೆಕಿಗೆ 800ರಲ್ಲಿ ಏಳನೇ ವಿಶ್ವ ಚಿನ್ನ.

ಪರದೆಯಲ್ಲಿ ಇನ್ನೂ ನೂರು ಮೀಟರ್ ಬಾಕಿ. ಅವರ ಲೈವ್ ನಿಜವಾದ ಓಟಕ್ಕಿಂತ ಒಂದು ನಿಮಿಷಕ್ಕೂ ಜಾಸ್ತಿ ಹಿಂದೆ, ಆದರೆ ಅವರದ್ದೇ ನೋಟಿಫಿಕೇಶನ್ ಮಾತ್ರ ಬಾಣದ ಹಾಗೆ ಮುಂದೆ. ಅದಾಗಿ ಮಸ್ಕತ್‌ನಲ್ಲಿರುವ ಭಾವ ಕುಟುಂಬದ ವಾಟ್ಸಾಪ್ ಗ್ರೂಪ್‌ನಲ್ಲಿ ಚಪ್ಪಾಳೆ ಹಾಕಿದರು. ಗಲ್ಫ್‌ನಲ್ಲಿ ಯಾರಾದರೂ ಇರುವ ಮನೆಗಳಲ್ಲಿ ಇದು ಇದ್ದದ್ದೇ, ಅವರನ್ನು ತಡೆಯಲಿಕ್ಕೆ ಆಗುವುದಿಲ್ಲ. ಆದರೆ ದುಡ್ಡು ತೆಗೆದುಕೊಂಡ ಆಪ್ ತಾನು ತೋರಿಸುತ್ತಿರುವ ಓಟದ ಫಲಿತಾಂಶವನ್ನು ತಾನೇ ಮೊದಲು ಹೇಳುವುದಾ? ನಾನು ಫೋನ್ ಕವುಚಿ ಇಟ್ಟೆ, ಬಾಯಿ ಮುಚ್ಚಿಕೊಂಡೆ. ಹುಡುಗಿ ಅಲ್ಲಿ ಸಮ್ಮರ್, ಸಮ್ಮರ್ ಅಂತ ಕೂಗುತ್ತಿದ್ದಾಳೆ. ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಗಂಟೆ ಹೊಡೆದರು. ಉದ್ದದ ಈಜಿನಲ್ಲಿ ಮುಂದಿದ್ದವರಿಗೆ ಕೊನೆಯ ಎರಡು ಲೆಂತ್ ಬಾಕಿ ಇರುವಾಗ ಗಂಟೆ ಬಾರಿಸುವುದು ನಿಯಮ. ಅಲ್ಲಿಂದ ಲೆಡೆಕಿ ಮತ್ತೆ ತಲೆ ಮುಂದೆ ಹಾಕಿದಳು. ಪ್ಯಾಲಿಸ್ಟರ್ ಎಲ್ಲಿ ಇಟ್ಟುಕೊಂಡಿದ್ದಳೋ ಆ ಶಕ್ತಿಯನ್ನು, ಮ್ಯಾಕಿಂಟೋಶ್‌ಳನ್ನು ದಾಟಿ ಲೆಡೆಕಿಯ ಬೆನ್ನು ಹತ್ತಿದಳು. ಲೆಡೆಕಿ 8:05.62. ಪ್ಯಾಲಿಸ್ಟರ್ 8:05.98. ಮ್ಯಾಕಿಂಟೋಶ್ 8:07.29. ಎಂಟು ನಿಮಿಷ ಈಜಿದ ಮೇಲೆ ಚಿನ್ನಕ್ಕೂ ಬೆಳ್ಳಿಗೂ 0.36 ಸೆಕೆಂಡ್. 2015ರಲ್ಲಿ ಕಝಾನ್‌ನಲ್ಲಿ ಲೆಡೆಕಿ ಮಾಡಿದ್ದ 8:07.39ರ ಕೂಟದಾಖಲೆಗಿಂತ ಮೂರನೇ ಸ್ಥಾನದವಳೂ ವೇಗ. ನಾಲ್ಕನೆಯವಳು ಕ್ವಾಡರೆಲ್ಲಾ 8:12.81, ಅದೂ ಯುರೋಪಿಯನ್ ದಾಖಲೆ, ಆದರೂ ಪದಕ ಇಲ್ಲ.

ಪ್ಯಾಲಿಸ್ಟರ್ ಬಗ್ಗೆ ಇನ್ನೊಂದು ಮಾತು. ಅವಳ ಅಮ್ಮ ಜಾನೆಲ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಈಜಿದವರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮಗಳಿಗೆ ಕೋವಿಡ್ ಬಂದು 1500 ಬಿಡಬೇಕಾಯಿತು. ಇದನ್ನು ತಿಳಿದುಕೊಂಡು ಆ ಕೊನೆಯ ನೂರು ಮೀಟರ್ ನೋಡುವುದಕ್ಕೂ, ಸುಮ್ನೆ ಮೂರನೇ ಲೇನೋ ಐದನೇ ಲೇನೋ ಅಂತ ನೋಡುವುದಕ್ಕೂ ವ್ಯತ್ಯಾಸ ಉಂಟಲ್ವಾ? ಕಾಮೆಂಟರಿ ಮಾಡುವವರ ಕೆಲಸ ಅದೇ ಅಲ್ವಾ?

ಕಾಮೆಂಟರಿ ಇಂಗ್ಲಿಷ್‌ನಲ್ಲಿ ಇತ್ತು, ಹಿಂದಿಯಲ್ಲಿ ಇತ್ತು. ಕನ್ನಡದಲ್ಲಿ ಇಲ್ಲ. ಕಬಡ್ಡಿಗೆ, ಐಪಿಎಲ್‌ಗೆ ಕನ್ನಡ ಕಾಮೆಂಟರಿ ಕೊಡುತ್ತಾರೆ, ಈಜಿಗೆ ಕೇಳಿದರೆ ನೋಡುವವರು ಎಷ್ಟು ಜನ ಅಂತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹದಿನಾಲ್ಕರ ಧಿನಿಧಿ ದೇಸಿಂಗು ಹೋದದ್ದು ಬೆಂಗಳೂರಿನಿಂದ, ನೆನಪಿರಲಿ. ಇಂಗ್ಲಿಷ್‌ನವರು ವಿಷಯ ಬಲ್ಲವರು, ಆದರೆ ತೆರೆಯ ಮೇಲೆ ಓಡುವ ಹಸಿರು ಗೆರೆಯ ಬಗ್ಗೆಯೇ ಮಾತು ಜಾಸ್ತಿ. ವಿಶ್ವದಾಖಲೆಯ ವೇಗ ತೋರಿಸುವ ಆ ಗೆರೆ ಸ್ಪ್ರಿಂಟ್‌ನಲ್ಲಿ ಚಂದ. 1500ರಲ್ಲಿ ಅದು ನಿಧಾನವಾಗಿ ಮುಂದೆ ಹೋಗಿಬಿಟ್ಟರೆ ನೋಡುವವರಿಗೆ ಇವರೆಲ್ಲ ಸೋತರು ಅನ್ನುವ ಭಾವ ಬರುತ್ತದೆ. ಲೆಡೆಕಿ 2018ರಲ್ಲಿ ಮಾಡಿದ 15:20.48ರ ಎದುರು ಯಾರು ತಾನೆ ನಿಲ್ಲುತ್ತಾರೆ, ಲೆಡೆಕಿಯೇ ನಿಲ್ಲಲಿಲ್ಲ.

ಹೈಲೈಟ್ಸ್ ನೋಡಲೇಬೇಡಿ. ಎಂಟು ನಿಮಿಷದ ಓಟವನ್ನು ಒಂದು ನಿಮಿಷಕ್ಕೆ ಇಳಿಸಿದ್ದಾರೆ. ಡೈವ್, ಒಂದು ಟರ್ನ್, ಆಮೇಲೆ ಗೋಡೆ ಮುಟ್ಟುವುದು. ಯಕ್ಷಗಾನದಲ್ಲಿ ಪೀಠಿಕೆ ಆದ ಕೂಡಲೇ ಮಂಗಳ ಹಾಡಿ ಎದ್ದುಹೋದರೆ ಹೇಗಿರುತ್ತದೋ ಹಾಗೆ.

ಇಷ್ಟೆಲ್ಲ ಬೈದು ರೀಪ್ಲೇಗೆ ನಾಲ್ಕು ಅಂಕ ಯಾಕೆ ಕೊಟ್ಟೆ? ಕಾರಣ ಉಂಟು. ರಾತ್ರಿ ಹೊತ್ತಿಗೆ ಪೂರ್ತಿ ಓಟ ಆಪ್‌ಗೆ ಬರುತ್ತದೆ, ಒಂದು ಸೆಕೆಂಡ್ ಕತ್ತರಿಸದೆ, ಜಾಹೀರಾತು ಇಲ್ಲದೆ. ಚಿತ್ರ ಸ್ಪಷ್ಟ. ಮಳೆಗೆ ನಮ್ಮ ನೆಟ್ ತೊದಲುವಾಗಲೂ ಸ್ವಲ್ಪ ಮಸುಕಾಗಿ ಓಡಿತೇ ಹೊರತು ನಿಲ್ಲಲಿಲ್ಲ. ಕಾಮೆಂಟರಿ ಇಲ್ಲದ ಆಡಿಯೋ ಅಂತ ಒಂದು ಆಯ್ಕೆ ಉಂಟು, ಸೆಟ್ಟಿಂಗ್ಸ್ ಒಳಗೆ ಹುಡುಕಬೇಕು. ಅದನ್ನು ಹಾಕಿದರೆ ಕೊಳದ ಸದ್ದು, ಜನರ ಕೂಗು, ಗಂಟೆ ಮಾತ್ರ. ನೀರಿನಡಿಯ ಕ್ಯಾಮೆರಾ ಬರುವಾಗ ಲೇನ್ ತುದಿಯಲ್ಲಿ ಎಷ್ಟು ಲೆಂತ್ ಬಾಕಿ ಅಂತ ತೋರಿಸುವ ಅಂಕಿಯೂ ಕಾಣುತ್ತದೆ. ಅಣ್ಣನ ಮಗಳು ಕೋಚ್ ಹತ್ತಿರ ಹೋಗಿ ನಮಗೂ ಅಂಥದ್ದು ಬೇಕು ಅಂದಳಂತೆ. ಕೋಚ್ ನಗಾಡಿದರಂತೆ.

ಎಲ್ಲಕ್ಕಿಂತ ಒಳ್ಳೆಯದು ಸ್ಪ್ಲಿಟ್ ಪಟ್ಟಿ. ರೀಪ್ಲೇ ಪಕ್ಕದಲ್ಲಿ ಎಂಟೂ ಈಜುಗಾರ್ತಿಯರ ಪ್ರತಿ 50 ಮೀಟರ್ ಸಮಯ ಸಾಲಾಗಿ ಬರುತ್ತದೆ, ಒಂದನ್ನು ಒತ್ತಿದರೆ ವಿಡಿಯೋ ಆ ಲೆಂತ್‌ಗೆ ಹೋಗುತ್ತದೆ. ಇದನ್ನು ಮಾಡಿದವರು ಯಾರೋ ಈಜು ಬಲ್ಲವರೇ. ಪ್ಯಾಲಿಸ್ಟರ್ ಎಲ್ಲಿ ಸಮಯ ಉಳಿಸಿದಳು, ಮ್ಯಾಕಿಂಟೋಶ್ ಎಲ್ಲಿ ಕಳೆದುಕೊಂಡಳು ಅಂತ ಬೆರಳಿಟ್ಟು ನೋಡಬಹುದು. ಮಕ್ಕಳನ್ನು ಉದ್ದದ ಈಜಿಗೆ ತಯಾರು ಮಾಡುವ ಪೋಷಕರಿಗೆ, ಕೋಚ್‌ಗಳಿಗೆ ಇದೊಂದಕ್ಕೇ ಚಂದಾ ಸಾರ್ಥಕ. ನಮ್ಮ ಹುಡುಗಿಗೆ ನಾನು ಹೇಳಿದ್ದು ಒಂದೇ: ಕ್ವಾಡರೆಲ್ಲಾಳ 1500ರ ಸಾಲನ್ನು ಬರೆದು ಗೋಡೆಗೆ ಅಂಟಿಸು. ಲೆಡೆಕಿಯನ್ನು ನೋಡಿ ಕಲಿಯಲಿಕ್ಕೆ ಆಗುವುದಿಲ್ಲ, ಅದು ಬೇರೆ ಜಾತಿಯ ಪ್ರಾಣಿ. ಕ್ವಾಡರೆಲ್ಲಾಳಿಂದ ಕಲಿಯಬಹುದು.

ಓಪನ್ ವಾಟರ್ ಕೂಡ ಇದೇ ಚಂದಾದಲ್ಲಿ ಬರುತ್ತದೆ. ಹೆಂಗಸರ 10 ಕಿಲೋಮೀಟರ್ ಈಜು ಸೆಂಟೋಸಾ ದ್ವೀಪದ ಕಡಲಿನಲ್ಲಿ ಇತ್ತು. ನೀರು ಚೊಕ್ಕ ಇಲ್ಲ ಅಂತ ಮುಂದೂಡಿ ಆಮೇಲೆ ನಡೆಸಿದರು. ಆಸ್ಟ್ರೇಲಿಯಾದ ಮೋಏಶಾ ಜಾನ್ಸನ್ ಗೆದ್ದಳು. ಎರಡು ಗಂಟೆಗೂ ಮೇಲಿನ ಓಟ ಅದು, ಅದನ್ನು ಪೂರ್ತಿ ಕೂತು ನೋಡುವ ತಾಳ್ಮೆ ನನಗೂ ಇಲ್ಲ.

ಹುಡುಕುವ ವ್ಯವಸ್ಥೆ ಕೆಟ್ಟದು. ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ 1500 ಅಂತ ಹಾಕಿದರೆ ಗಂಡಸರದ್ದು ಮೊದಲು ಬರುತ್ತದೆ, ಹೆಂಗಸರದ್ದು ಕೆಳಗೆ ಎಲ್ಲೋ. ದಿನಾಂಕ ಹಿಡಿದು ಹೋಗುವುದು ಸುಲಭ: 400 ಬೇಕಾದರೆ ಜುಲೈ 27, 1500 ಬೇಕಾದರೆ ಜುಲೈ 29, 800 ಬೇಕಾದರೆ ಆಗಸ್ಟ್ 2.

ತಗೊಳ್ಳುವವರು ಒಂದು ತಿಂಗಳಿಗೆ ಮಾತ್ರ ತಗೊಳ್ಳಿ. ವರ್ಷದ ಪ್ಲಾನ್ ಅಗ್ಗ ಅಂತ ತೋರಿಸುತ್ತಾರೆ, ಆದರೆ ಈಜಿನ ದೊಡ್ಡ ಕೂಟ ವರ್ಷವಿಡೀ ಇರುವುದಿಲ್ಲ. ಹಣ ಕಟ್ಟಿದ ದಿನವೇ ಆಟೋ ರಿನ್ಯೂವಲ್ ತೆಗೆದುಹಾಕಿ, ಮೂರು ಪುಟ ಒಳಗೆ ಹೋದರೆ ಸಿಗುತ್ತದೆ. ನೋಟಿಫಿಕೇಶನ್ ಫೋನ್‌ನ ಸೆಟ್ಟಿಂಗ್ಸ್‌ನಿಂದಲೇ ಆಫ್ ಮಾಡಿ, ಆಪ್‌ನೊಳಗೆ ಆಫ್ ಮಾಡಿದರೂ ಬರುತ್ತದೆ. ಮುಂದಿನ ವಿಶ್ವ ಚಾಂಪಿಯನ್‌ಶಿಪ್ 2027ರಲ್ಲಿ ಬುಡಾಪೆಸ್ಟ್‌ನಲ್ಲಿ. ಅಲ್ಲಿ ಸಂಜೆ ಏಳು ಅಂದರೆ ನಮಗೆ ರಾತ್ರಿ ಹತ್ತೂವರೆ. ಅಷ್ಟು ಹೊತ್ತಿಗೆ ಅಮ್ಮ ಮಲಗಿರುತ್ತಾರೆ, ಹಾಗಾಗಿ ಆಗ ನಾವು ಲೈವ್ ಬಿಟ್ಟು ಮರುದಿನದ ರೀಪ್ಲೇಯನ್ನೇ ನೋಡುವುದು.